ಎಳೆಯ ಹಿಪ್ಪುನೇರಳೆಗೆ ಗೊಬ್ಬರ ಹೆಚ್ಚಾದಾಗ

ಹೊಸದಾಗಿ ನೆಟ್ಟ ಹಿಪ್ಪುನೇರಳೆಯ ಸಾಲಿನಲ್ಲಿ ಗಿಡಗಳು ಎಲೆಯಂಚು ಸುಟ್ಟು ಬಾಡತೊಡಗಿದರೆ, ತೋಟದ ಯಜಮಾನರಿಗೆ ಮೊದಲು ತೋರುವ ಸಂದೇಹ ರೋಗದ್ದು. ಹಿಂದಿನ ವಾರ ಗೊಬ್ಬರ ಹಾಕಿಸಿದ್ದು ನೆನಪಾದೊಡನೆ ಸಂದೇಹವು ಆಳಿನ ಕಡೆಗೆ ತಿರುಗುವುದು. ಆ ಬಳಿಕ ನಡೆಯುವುದೂ ಬಹುಮಟ್ಟಿಗೆ ಒಂದೇ ಬಗೆ: ಗಿಡಗಳನ್ನು ಕೀಳಿಸುವುದು, ಕೂಲಿ ಮುರಿಯುವುದು, ಹೊಸ ಸಸಿಗೆ ಹಣ ಕಟ್ಟುವುದು. ಇವುಗಳಲ್ಲಿ ಮೊದಲನೆಯದು ಅನೇಕ ವೇಳೆ ಅನಾವಶ್ಯಕ, ಎರಡನೆಯದು ಅನ್ಯಾಯ, ಮೂರನೆಯದು ಇವೆರಡರ ದಂಡ.

ತಪ್ಪು ಎಷ್ಟು ಸುಲಭವಾಗಿ ಆಗುವುದೆಂಬುದನ್ನು ಲೆಕ್ಕದಿಂದಲೇ ತಿಳಿಯಬಹುದು. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯಿಂದ ಬಂದ ವಿ-1 ತಳಿಗೆ ನೀರಾವರಿಯಲ್ಲಿ ಹೆಕ್ಟೇರಿಗೆ ವರ್ಷಕ್ಕೆ 350 ಕಿಲೋ ಸಾರಜನಕವನ್ನು ಐದು ಕಂತುಗಳಲ್ಲಿ ಕೊಡುವುದು ರೂಢಿ. ಎಂದರೆ ಎಕರೆಗೆ ಸುಮಾರು 140 ಕಿಲೋ. ಮೂರಡಿ, ಐದಡಿಯ ಜೋಡಿ ಸಾಲಿನಲ್ಲಿ ಎರಡಡಿಗೊಂದರಂತೆ ನೆಟ್ಟರೆ ಎಕರೆಗೆ 5,445 ಗಿಡ. ಬೆಳೆದ ಗಿಡವೊಂದಕ್ಕೆ ವರ್ಷವೆಲ್ಲಕ್ಕೂ ಬರುವ ಪಾಲು 26 ಗ್ರಾಂ ಸಾರಜನಕ ಮಾತ್ರ. ಯೂರಿಯದಲ್ಲಿ ನೂರಕ್ಕೆ 46 ಪಾಲು ಸಾರಜನಕವಿರುವುದರಿಂದ, ಒಂದು ಹಿಡಿಯಲ್ಲಿ 50 ಗ್ರಾಂ ಬಿದ್ದರೂ 23 ಗ್ರಾಂ ಸಾರಜನಕ ಬಿದ್ದಂತಾಯಿತು. ಬೆಳೆದ ಗಿಡವು ಸಂವತ್ಸರ ಪೂರ್ತಿ ಉಣ್ಣತಕ್ಕುದನ್ನು ತಿಂಗಳ ಸಸಿಯ ಬುಡಕ್ಕೆ ಒಂದೇ ಹೊತ್ತಿಗೆ ಸುರಿದಂತೆ! ಇಷ್ಟನ್ನು ಸಹಿಸುವ ಬೇರು ಆ ಸಸಿಗೆ ಇನ್ನೂ ಹುಟ್ಟಿರುವುದಿಲ್ಲ.

ಗೊಬ್ಬರವೂ ಒಂದು ಬಗೆಯ ಉಪ್ಪೇ ಎಂದು ತಿಳಿದರೆ ಉಳಿದುದು ಅರ್ಥವಾಗುವುದು. ಬೇರಿನ ಸುತ್ತಲ ನೀರು ಉಪ್ಪಾದಾಗ ಬೇರು ಆ ನೀರನ್ನು ಹೀರಲಾರದು, ತನ್ನಲ್ಲಿರುವುದನ್ನೂ ಕಳೆದುಕೊಳ್ಳುವುದು. ಇದರ ಮೇಲೆ, ಯೂರಿಯವು ಕೆಲವೇ ದಿನಗಳಲ್ಲಿ ಅಮೋನಿಯವಾಗಿ ಮಾರ್ಪಟ್ಟು ಎಳೆಯ ಬೇರನ್ನು ಸುಡುವುದು. ಆದುದರಿಂದ ಮಣ್ಣು ಹಸಿಯಾಗಿದ್ದರೂ ಗಿಡ ಬಾಡಿದೆಯೆ, ಎಲೆಯ ತುದಿ ಮತ್ತು ಅಂಚು ಮೊದಲು ಕಂದಿದೆಯೆ, ಬುಡದ ಮಣ್ಣಿನ ಮೇಲೆ ಬಿಳಿಯ ಪೊರೆ ಕಟ್ಟಿದೆಯೆ ಎಂಬುದನ್ನು ನೋಡತಕ್ಕದ್ದು. ಗೊಬ್ಬರ ಹಾಕಿದ ಬೆನ್ನಿಗೇ ಈ ಗುರುತುಗಳು ಕಂಡುಬಂದರೆ ಔಷಧಿಯ ಅಂಗಡಿಗೆ ಹೋಗುವ ಅಗತ್ಯವಿಲ್ಲ.

ಮಾಡಬೇಕಾದ ಮೊದಲ ಕೆಲಸ ನೀರು ಕಟ್ಟುವುದಲ್ಲ, ಕೆರೆಯುವುದು. ಕಾಳು ಇನ್ನೂ ಕರಗದೆ ಕಣ್ಣಿಗೆ ಕಾಣುತ್ತಿದ್ದರೆ ಬೇರಿಗೆ ಪೆಟ್ಟಾಗದಂತೆ ಒಂದೆರಡು ಅಂಗುಲ ಮೇಲ್ಮಣ್ಣನ್ನು ಮಂಕರಿಗೆ ತುಂಬಿ ತೆಗೆಯಬೇಕು. ಆ ಮಣ್ಣನ್ನು ಕಾಲುವೆಗೆ ಸುರಿಯಕೂಡದು. ಮುಂದೆ ರಾಗಿ ಬಿತ್ತುವ ಹೊಲದಲ್ಲಿ ತೆಳ್ಳಗೆ ಎರಚಿದರೆ ಗೊಬ್ಬರವೂ ಉಳಿಯುವುದು. ಬಳಿಕ ನೀರು. ಯೂರಿಯವು ಯೂರಿಯವಾಗಿಯೇ ಇರುವ ಮೊದಲ ಒಂದೆರಡು ದಿನ ನೀರಿನೊಡನೆ ಸುಲಭವಾಗಿ ಕೆಳಗಿಳಿಯುವುದು. ಅಮೋನಿಯವಾದ ಮೇಲೆ ಮಣ್ಣಿನ ಕಣಕ್ಕೆ ಅಂಟಿಕೊಳ್ಳುವುದು. ನಾಳೆ ನೋಡೋಣವೆಂಬ ಮಾತಿಗೆ ಇಲ್ಲಿ ಬೆಲೆ ತೆರಬೇಕಾಗುವುದು. ಅರೆಬರೆ ನೀರು ಕೊಡುವುದಂತೂ ಕೊಡದಿರುವುದಕ್ಕಿಂತ ಕೆಟ್ಟದ್ದು. ಅದು ಕಾಳನ್ನು ಕರಗಿಸಿ ಬೇರಿನ ಬಳಿಯಲ್ಲಿಯೇ ನಿಲ್ಲಿಸುವುದು.

ಆರು ಅಂಗುಲ ನೀರು ಮಣ್ಣಿನಲ್ಲಿ ಇಳಿದುಹೋದರೆ ಉಪ್ಪು ಸುಮಾರು ಅರ್ಧಕ್ಕೆ ಇಳಿಯುವುದೆಂದು ಸಾಮಾನ್ಯ ಲೆಕ್ಕ. ಒಂದೂವರೆ ಅಡಿ ಅಡ್ಡಳತೆಯ ಪಾತಿಗೆ ಇದು 25 ಲೀಟರು, ಹೆಚ್ಚು ಕಡಿಮೆ ಎರಡು ಕೊಡ. ಇದನ್ನು ಒಮ್ಮೆಗೇ ಹೊಯ್ಯದೆ ಮೂರು ನಾಲ್ಕು ಸಲವಾಗಿ, ಇಂಗಿದ ಮೇಲೆ ಇಂಗಿದಂತೆ, ಕೊಡತಕ್ಕದ್ದು. ಗಂಟೆಗೆ ನಾಲ್ಕು ಲೀಟರಿನ ಹನಿ ನಳಿಕೆಯನ್ನೇ ನಂಬಿದವರು ಆರು ಗಂಟೆಗೂ ಹೆಚ್ಚು ಕಾಲ ಬಿಡಬೇಕಾಗುವುದು. ಕೆಂಪು ಮಣ್ಣಿನಲ್ಲಿ ಈ ಕ್ರಮ ನಿರಾತಂಕವಾಗಿ ನಡೆಯುವುದು. ಎರೆಮಣ್ಣಿನಲ್ಲಿ ನೀರು ನಿಂತರೆ ಸುಟ್ಟ ಬೇರು ಕೊಳೆಯುವುದರಿಂದ ಬಸಿಗಾಲುವೆ ತೆಗೆದು, ದಿನ ಬಿಟ್ಟು ದಿನ ಸ್ವಲ್ಪ ಸ್ವಲ್ಪವಾಗಿ ಕೊಡಬೇಕು. ಗಿಡಗಳು ಕೆಲವೇ ಇದ್ದರೆ ಹೆಂಟೆ ಸಮೇತ ಎತ್ತಿ ಬೇರೆ ಗುಣಿಯಲ್ಲಿ ನೆಡುವುದು ಲೇಸು.

ಶಿಡ್ಲಘಟ್ಟ, ಕೋಲಾರದ ಕಡೆಯ ಯಜಮಾನರು ಇಲ್ಲಿ ಒಂದು ಆಕ್ಷೇಪವನ್ನೆತ್ತುವರು, ಅದು ನ್ಯಾಯವಾದದ್ದೇ. ಎಕರೆಯ ಗಿಡಗಳಿಗೆಲ್ಲ ಎರಡೆರಡು ಕೊಡವೆಂದರೆ 1,36,000 ಲೀಟರು ದಾಟುವುದು. ನೂರಾರು ಅಡಿ ಆಳದ ಕೊಳವೆಬಾವಿಯಿಂದ ಅಷ್ಟನ್ನು ಎತ್ತುವುದೆಂತು? ಕೆರೆದು ತೆಗೆಯುವ ಕೆಲಸಕ್ಕೆ ಮೊದಲ ಸ್ಥಾನ ಕೊಟ್ಟಿರುವುದು ಇದಕ್ಕಾಗಿಯೇ. ಕೆರೆದು ತೆಗೆದ ಪ್ರತಿಯೊಂದು ಚಿಟಿಕೆಯೂ ಉಳಿಸಿದ ನೀರೇ ಸರಿ. ಸಾಲುಗಳನ್ನು ತಿರುಗಿ ನೋಡಿ, ಹೆಚ್ಚು ಬಿದ್ದ ಗಿಡಗಳಿಗೆ ಮಾತ್ರ ನೀರು ಕೊಟ್ಟರೆ ಸಾಕು. ಬೇಕಾದುದಕ್ಕಿಂತ ಹೆಚ್ಚು ತೊಳೆದರೆ ಆ ಸಾರಜನಕವೇ ನೈಟ್ರೇಟಾಗಿ ಕುಡಿಯುವ ನೀರಿಗೆ ಸೇರುವುದುಂಟು.

ಆಮೇಲೆ ಬೇಕಾದುದು ತಾಳ್ಮೆ. ಬಾಡಿದ ಗಿಡವನ್ನು ಕಂಡು ಮರುಗಿ ಎಲೆಗೆ ಸಿಂಪಡಿಸುವ ಗೊಬ್ಬರ, ಹಸಿ ಸಗಣಿ ಮೊದಲಾದುವನ್ನು ಕೊಡುವುದು ಅಜೀರ್ಣಕ್ಕೆ ಹೋಳಿಗೆಯ ಪಥ್ಯ ಮಾಡಿದಂತೆ. ತೆಂಗಿನ ಗರಿಯ ನೆರಳು ಸಾಕು. ಸುಟ್ಟ ಎಲೆ ಉದುರಿದರೆ ಉದುರಲಿ. ಅದು ಮತ್ತೆ ಹಸಿರಾಗದು. ಉಗುರಿನಿಂದ ತೊಗಟೆಯನ್ನು ಗೀರಿದಾಗ ಒಳಗೆ ಹಸಿರು ಕಂಡರೆ ಗಿಡಕ್ಕೆ ಜೀವವಿದೆ. ಅದನ್ನು ಮೂರು ನಾಲ್ಕು ವಾರ ಮುಟ್ಟಕೂಡದು. ಕಂದದ ಹೊಸ ಚಿಗುರು ಬಂದು ಬಲಿಯುವವರೆಗೂ ಗೊಬ್ಬರದ ಮಾತು ಬೇಡ.

ಕೂಲಿ ಮುರಿಯುವ ವಿಷಯದಲ್ಲಿ ಗ್ರಾಮದ ಮುಖಂಡರು ಒಂದು ಮಾತನ್ನು ಕೇಳಿಯೇ ತೀರ್ಪು ಕೊಡತಕ್ಕದ್ದು: ಆಳಿಗೆ ಯಾವ ಅಳತೆಯನ್ನು ಕೊಡಲಾಗಿತ್ತು? “ಬುಡಕ್ಕೆ ಒಂದೊಂದು ಹಿಡಿ” ಎಂದು ಅಪ್ಪಣೆ ಮಾಡಿದವರು ಯಾರ ಹಿಡಿಯೆಂದು ಹೇಳಿರುವುದಿಲ್ಲ. ನೇಗಿಲು ಹಿಡಿದವನ ಅಂಗೈಯೂ ಕಳೆ ಕೀಳಲು ಬಂದ ಹುಡುಗಿಯ ಅಂಗೈಯೂ ಸಮವಲ್ಲ. ಗೊಬ್ಬರದ ಮೂಟೆಯನ್ನು ಬಿಚ್ಚುವ ಮುನ್ನ ಸಣ್ಣ ಡಬ್ಬಿಯೊಂದಕ್ಕೆ ಬೇಕಾದಷ್ಟನ್ನು ತೂಗಿ ಹಾಕಿ, ಅಲ್ಲಿಗೊಂದು ಗೆರೆ ಎಳೆದು ಕೈಗೆ ಕೊಡುವುದು ಯಜಮಾನನ ಕೆಲಸ. ಅದನ್ನು ಮಾಡದವನು ನಷ್ಟವನ್ನು ತಾನೇ ಹೊರುವುದು ಧರ್ಮ. ಆಳು ಹೆದರದೆ ಅದೇ ದಿನ ಬಂದು “ಕೈ ಹೆಚ್ಚಾಯಿತು, ಸ್ವಾಮಿ” ಎಂದು ಹೇಳುವಂತಿದ್ದರೆ ಕಾಳು ಕರಗುವ ಮೊದಲೇ ಕೆರೆಯಬಹುದು; ಕೂಲಿ ಹೋದೀತೆಂಬ ಭಯವಿರುವ ತೋಟದಲ್ಲಿ ಈ ಸಂಗತಿಯನ್ನು ಹೇಳುವುದು ಸುಟ್ಟ ಎಲೆಯೇ.

ತಿಂಗಳ ಮೇಲೂ ಚಿಗುರದೆ, ತೊಗಟೆಯ ಒಳಗೂ ಕಂದಿದ ಗಿಡಗಳನ್ನು ಕಿತ್ತು ಬೇರೆ ಸಸಿ ಹಾಕಬೇಕಾಗುವುದು. ಹಳೆಯ ಗುಣಿಯ ಮಣ್ಣನ್ನು ತೆಗೆದು, ಸಾಲಿನ ನಡುವಣ ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಬೆರೆಸಿ ತುಂಬಿದ ಮೇಲೆಯೇ ನೆಡತಕ್ಕದ್ದು. ಮೊದಲ ನಾಟಿಯ ಕಾಲದಲ್ಲಿಯೇ ನೂರಕ್ಕೆ ಐದರಂತೆ ಸಸಿಗಳನ್ನು ಮಡಿಯಲ್ಲಿ ಉಳಿಸಿಕೊಂಡವರಿಗೆ ಅದೇ ವಯಸ್ಸಿನ ಗಿಡ ದೊರೆತು ಸಾಲು ಸಮನಾಗುವುದು.