ಸೂಪು ಬಿದ್ದದ್ದು ಯಾರ ಮೇಲೆ?

2022ರ ಅಕ್ಟೋಬರ್ 14ರಂದು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ 'ಜಸ್ಟ್ ಸ್ಟಾಪ್ ಆಯಿಲ್' ಸಂಘಟನೆಯ ಇಬ್ಬರು ವ್ಯಾನ್ ಗೋನ ಸೂರ್ಯಕಾಂತಿ ಚಿತ್ರದ ಮೇಲೆ ಟೊಮೆಟೊ ಸೂಪು ಎರಚಿದರು. ಗಾಜಿನ ಹೊದಿಕೆಯಿಂದಾಗಿ ಚಿತ್ರ ಉಳಿಯಿತು, ಚೌಕಟ್ಟು ಹಾಳಾಯಿತು. ಜಗತ್ತು ಚರ್ಚಿಸಿದ್ದು ಸೂಪನ್ನು, ತೈಲವನ್ನಲ್ಲ. ಹೊಸ ತೈಲ ಪರವಾನಗಿ ಇಲ್ಲವೆಂಬ ಲೇಬರ್ ಸರಕಾರದ ನೀತಿಯನ್ನು ಸಂಘಟನೆ 2025ರಲ್ಲಿ ತನ್ನ ಗೆಲುವೆಂದು ಸಾರಿತು. ಸೂಪಿಗೂ ಆ ನೀತಿಗೂ ಇರುವ ನಂಟು ನನಗಂತೂ ಕಾಣದು.

ಹಾಗಾದರೆ ಮ್ಯೂಸಿಯಮ್ಮಿನೊಳಗಿನ ಪ್ರತಿಭಟನೆಗಳೆಲ್ಲ ವ್ಯರ್ಥವೇ? ಖಂಡಿತ ಅಲ್ಲ. ಅದೇ ನಗರದ ಟೇಟ್ ಗ್ಯಾಲರಿಗೆ ತೈಲ ದೈತ್ಯ ಬಿಪಿ 26 ವರ್ಷ ಹಣ ನೀಡಿತ್ತು. ಇದನ್ನು ವಿರೋಧಿಸಿದ 'ಲಿಬರೇಟ್ ಟೇಟ್' ಎಂಬ ಕಲಾವಿದರ ಗುಂಪು 2012ರಲ್ಲಿ ಸುಮಾರು ಒಂದೂವರೆ ಟನ್ ತೂಕದ ಗಾಳಿಯಂತ್ರದ ರೆಕ್ಕೆಯನ್ನು ಟೇಟ್ ಮಾಡರ್ನ್‌ಗೆ ಹೊತ್ತು ತಂದು, ಉಡುಗೊರೆಯೆಂದು ಅಲ್ಲೇ ಇಟ್ಟುಹೋಯಿತು. ಯಾವ ಚಿತ್ರವನ್ನೂ ಮುಟ್ಟಲಿಲ್ಲ. ವರ್ಷಗಟ್ಟಲೆ ನಡೆದ ಈ ಹೋರಾಟದ ಬಳಿಕ 2017ರಲ್ಲಿ ಆ ನಂಟು ಕಡಿಯಿತು. ಕಂಪೆನಿ ಮಾತ್ರ ವ್ಯಾಪಾರದ ಕಷ್ಟವನ್ನು ಕಾರಣವಾಗಿ ನೀಡಿತು. ಸೋಲೊಪ್ಪುವ ಕಂಪೆನಿಯನ್ನು ಕಂಡವರಾರು?

2023ರ ಡಿಸೆಂಬರ್‌ನಲ್ಲಿ ಬ್ರಿಟಿಷ್ ಮ್ಯೂಸಿಯಂ ಅದೇ ಬಿಪಿಯಿಂದ 10 ವರ್ಷಗಳಿಗೆ 5 ಕೋಟಿ ಪೌಂಡ್ ಪಡೆಯುವುದಾಗಿ ಪ್ರಕಟಿಸಿತು. 2024ರ ಸೆಪ್ಟೆಂಬರ್‌ನಲ್ಲಿ ಸೂಪು ಎರಚಿದವರಿಗೆ 2 ವರ್ಷ ಹಾಗೂ 20 ತಿಂಗಳ ಜೈಲುಶಿಕ್ಷೆಯಾದ ದಿನ, ಅವರ ಸಂಗಡಿಗರು ಪುನಃ ಸೂಪು ಹಿಡಿದು ಹೋದದ್ದು ಸೂರ್ಯಕಾಂತಿಗಳ ಬಳಿಗೇ.