ಪುಟದ ಹತೋಟಿ ಓದುವವನ ಕೈಯಲ್ಲಿರಲಿ

ಪುಸ್ತಕದ ಹಾಳೆಯನ್ನು ಓದುವವನೇ ತಿರುವುತ್ತಾನೆ. ಅವನು ಒಂದು ಸಾಲಿನ ಮೇಲೆ ಅರ್ಧ ತಾಸು ಕುಳಿತರೂ ಹಾಳೆ ಬೇಸರಪಟ್ಟು ತಾನಾಗಿ ಮಗುಚಿಕೊಳ್ಳುವುದಿಲ್ಲ. ಆದರೆ ನಮ್ಮ ವಿದ್ಯಾರ್ಥಿವೇತನ, ಪರೀಕ್ಷಾ ಶುಲ್ಕ, ಜಾತಿ-ಆದಾಯದ ಪತ್ರ, ಹೊಲದ ಪಹಣಿ ಇವೆಲ್ಲ ಈಗ ಬಂದು ಸೇರಿರುವ ಜಾಲತಾಣಗಳ ಪುಟಗಳಲ್ಲಿ ಕೆಲವಕ್ಕೆ ಈ ಸಹನೆಯಿಲ್ಲ. ತಮಗೆ ತೋಚಿದ ಹೊತ್ತಿಗೆ ಅವು ಹೊಸದಾಗಿ ತೆರೆದುಕೊಳ್ಳುತ್ತವೆ. ಇದಕ್ಕೆ ರಿಫ್ರೆಶ್ ಎಂದು ಹೆಸರು. ಅದು ಯಾವಾಗ ಆಗಬೇಕು, ಆಗಬೇಕೇ ಬೇಡವೇ ಎಂಬುದನ್ನು ಓದುವವನೇ ನಿರ್ಧರಿಸತಕ್ಕದ್ದು ಎಂಬುದು ನನ್ನ ವಾದ. ಕಲಾ ವಿಭಾಗದವನಿಗೆ ಈ ಯಂತ್ರದ ಗೊಡವೆ ಏಕೆಂದು ಮಿತ್ರರು ನಗಬಹುದು. ನಕ್ಕ ಮೇಲಾದರೂ ಓದಬೇಕೆಂದು ವಿನಂತಿ.

ಕಳೆದ ವರ್ಷ ಒಂದು ವಿದ್ಯಾರ್ಥಿವೇತನದ ಅರ್ಜಿಗೆ ಅದು ಕೊನೆಯ ದಿನ. ನಾನು ಸಿರುಗುಪ್ಪದ ಬಳಿಯ ನಮ್ಮ ಊರಿನಲ್ಲಿದ್ದೆ. ಕೊನೆಯ ದಿನದವರೆಗೆ ಬಿಟ್ಟದ್ದು ತಪ್ಪೇ ಸರಿ. ಆದರೆ ಆದಾಯದ ಪತ್ರ ಕೈಗೆ ಬಂದದ್ದೇ ಹಿಂದಿನ ಸಂಜೆ. ಭತ್ತದ ಗದ್ದೆಯ ಕೂಲಿ ಮುಗಿಸಿ ಬಂದ ನಮ್ಮ ತಂದೆ ಕಟ್ಟೆಯ ಮೇಲೆ ನನ್ನ ಪಕ್ಕದಲ್ಲೇ ಕುಳಿತರು. ಆರ್.ಡಿ. ಸಂಖ್ಯೆ, ಬ್ಯಾಂಕಿನ ಖಾತೆ, ಹತ್ತನೆಯ ತರಗತಿಯ ನೋಂದಣಿ ಸಂಖ್ಯೆ ಎಲ್ಲವನ್ನೂ ಫೋನಿನಲ್ಲಿ ಒಂದೊಂದೇ ಅಂಕಿಯಾಗಿ ತುಂಬಿದೆ. ಓ.ಟಿ.ಪಿ. ನೋಡಲು ಸಂದೇಶಗಳ ಕಡೆಗೆ ಹೋಗಿ ಮರಳಿದರೆ ಪುಟ ಹೊಸದಾಗಿ ತೆರೆದುಕೊಂಡು ಬೆಳ್ಳಗೆ ಕುಳಿತಿತ್ತು. ಮತ್ತೆ ತುಂಬಿದೆ, ಮತ್ತೆ ಅದೇ ಕಥೆ. ಮೂರನೆಯ ಸಲ, ನಿಮ್ಮ ಅವಧಿ ಮುಗಿದಿದೆ ಎಂಬ ಒಂದು ಸಾಲು ಬಂತು. "ಮುಗೀತೇನಪಾ?" ಎಂದು ತಂದೆ ಕೇಳಿದರು. ಅವರಿಗೆ ಓದು ಬಾರದು. ಮುಗಿಯಿತು ಎಂದೆ, ಯಾವುದು ಮುಗಿಯಿತೆಂದು ಹೇಳಲು ಮಾರನೆಯ ದಿನದವರೆಗೆ ಬಾಯಿ ಬರಲಿಲ್ಲ. ಆ ವರ್ಷದ ಶುಲ್ಕಕ್ಕೆ ಅವರು ಕೈಗಡ ಮಾಡಿದರು.

ಇದೇಕೆ ಹೀಗಾಗುತ್ತದೆಂದು ಬಳ್ಳಾರಿಗೆ ಬಂದ ಮೇಲೆ ಬಲ್ಲವರಲ್ಲಿ ಕೇಳಿ ತಿಳಿದೆ. ಕೆಲವು ಪುಟಗಳ ತಲೆಯಲ್ಲಿ, ಇಷ್ಟು ಸೆಕೆಂಡಿಗೊಮ್ಮೆ ಮತ್ತೆ ತೆರೆ ಎಂಬ ಒಂದು ಸಾಲಿನ ಆಜ್ಞೆ ಬರೆದಿರುತ್ತದೆ. ಬ್ರೌಸರ್ ಅದನ್ನು ಮರುಮಾತಿಲ್ಲದೆ ನಡೆಸುತ್ತದೆ. ಇನ್ನು ಕೆಲವೆಡೆ ತಪ್ಪು ಪುಟದ್ದಲ್ಲ. ಕಡಿಮೆ ಬೆಲೆಯ ಫೋನಿನಲ್ಲಿ ಸ್ಮೃತಿ, ಎಂದರೆ ರ್‍ಯಾಮ್, ಕಡಿಮೆ. ನಾವು ಬೇರೊಂದನ್ನು ತೆರೆದಾಗ ಹಿಂದಿನ ಪುಟವನ್ನು ಅದು ಇಳಿಸಿಬಿಡುತ್ತದೆ. ಹಿಂದಿರುಗಿದಾಗ ಪುಟವನ್ನು ಮೊದಲಿನಿಂದ ತರಿಸುತ್ತದೆ. ದುಬಾರಿ ಫೋನಿನವನಿಗೆ ಈ ಕಷ್ಟ ಅಪರೂಪ. ವಿದ್ಯಾರ್ಥಿವೇತನದ ಅರ್ಜಿಯನ್ನು ತುಂಬುವವರು ಯಾವ ಫೋನಿನವರೆಂದು ಆ ಪುಟವನ್ನು ಕಟ್ಟಿದವರು ಯೋಚಿಸಿರಲಾರರೆ?

ಕುರುಗೋಡಿನಲ್ಲಿ ನಮ್ಮ ಸೋದರಮಾವನವರು ಮೆಣಸಿನಕಾಯಿಯ ದರ ನೋಡಲು ಒಂದು ಪುಟವನ್ನು ತೆರೆಯುತ್ತಾರೆ. ಉದ್ದದ ಪಟ್ಟಿ, ಬೆರಳಿನಿಂದ ಸರಿಸುತ್ತಾ ಇಳಿಯಬೇಕು. "ಮೆಣಸಿನಕಾಯಿ ಸಾಲಿಗೆ ಬರೂದ್ರಾಗ ಮತ್ತ ಮೊದಲಿಗೆ ಹೋತಲ್ಲೋ ಅಳಿಯಾ" ಎಂದು ಫೋನನ್ನು ನನ್ನ ಕೈಗೆ ಕೊಟ್ಟರು. ನೋಡಿದರೆ ಪಟ್ಟಿಯಲ್ಲಿದ್ದುದು ಹಿಂದಿನ ದಿನದ ದರ! ನಿನ್ನೆಯ ದರವನ್ನು ನಿಮಿಷಕ್ಕೊಮ್ಮೆ ಹೊಸದಾಗಿ ತರಿಸುವುದರಿಂದ ಯಾರಿಗೆ ಲಾಭವೋ ತಿಳಿಯದು. ಮಾವನವರ ಡೇಟಾ ಮಾತ್ರ ಖರ್ಚಾಗುತ್ತಿತ್ತು. ಕಣ್ಣು ಕಾಣದ ನಮ್ಮ ಸಹಪಾಠಿಯೊಬ್ಬನ ಪಾಡು ಇನ್ನೂ ಕಠಿಣ. ಪರದೆಯನ್ನು ಓದಿ ಹೇಳುವ ತಂತ್ರಾಂಶವನ್ನು ಕೇಳುತ್ತಾ ಅವನು ಪುಟದ ನಡುವಿಗೆ ಬಂದಿರುವಾಗ ರಿಫ್ರೆಶ್ ಆದರೆ, ದನಿ ಮತ್ತೆ ಮೊದಲ ಸಾಲಿನಿಂದ ಆರಂಭವಾಗುತ್ತದೆ. ಏನಾಯಿತೆಂದು ಅವನಿಗೆ ಹೇಳುವವರಿಲ್ಲ.

ಇದು ನನ್ನೊಬ್ಬನ ಗೊಣಗಾಟವಲ್ಲ. ಜಾಲತಾಣಗಳಿಗೆ ನಿಯಮ ರೂಪಿಸುವ ಡಬ್ಲ್ಯು3ಸಿ ಎಂಬ ಅಂತರರಾಷ್ಟ್ರೀಯ ಸಂಸ್ಥೆ 2008ರಲ್ಲಿಯೇ ಇದನ್ನು ವಿಧಿಸಿದೆ. ಕಾಲಮಿತಿಯಿದ್ದರೆ ಅದನ್ನು ನಿಲ್ಲಿಸುವ, ಬದಲಿಸುವ ಅಥವಾ ವಿಸ್ತರಿಸುವ ಅವಕಾಶ ಬಳಸುವವನಿಗೆ ಇರಬೇಕು. ಅವಧಿ ಮುಗಿಯುವ ಮೊದಲು ಎಚ್ಚರಿಸಿ, ಒಂದು ಗುಂಡಿ ಒತ್ತಿ ಮುಂದುವರಿಸಲು ಕನಿಷ್ಠ 20 ಸೆಕೆಂಡು ಕೊಡಬೇಕು. (ನಮ್ಮ ಮಾವನವರಿಗೆ ಕನ್ನಡಕ ಹುಡುಕಲೇ ಅಷ್ಟು ಬೇಕು.) ನಮ್ಮ ಸರ್ಕಾರಿ ಜಾಲತಾಣಗಳಿಗೆಂದು 2009ರಲ್ಲಿ ಹೊರಟು 2023ರಲ್ಲಿ ಪರಿಷ್ಕೃತವಾದ ಮಾರ್ಗಸೂಚಿಯೂ ಈ ಅಂತರರಾಷ್ಟ್ರೀಯ ನಿಯಮಗಳನ್ನೇ ಆಧರಿಸಿದೆ. 2025ರ ಏಪ್ರಿಲ್ 30ರಂದು ಸರ್ವೋಚ್ಚ ನ್ಯಾಯಾಲಯವು, ಡಿಜಿಟಲ್ ಸೇವೆಗಳನ್ನು ಪಡೆಯುವ ಹಕ್ಕು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ತೀರ್ಪಿತ್ತಿತು. ರಾಜ್ಯಶಾಸ್ತ್ರದ ತರಗತಿಯಲ್ಲಿ 21ನೆಯ ವಿಧಿಯನ್ನು ಬಾಯಿಪಾಠ ಮಾಡಿದಾಗ ಅದು ನನ್ನ ಅರ್ಜಿಯವರೆಗೆ ಬಂದೀತೆಂದು ನಾನು ಎಣಿಸಿರಲಿಲ್ಲ.

ಎದುರು ಮಾತೂ ಉಂಟು. ಇಂಟರ್‌ನೆಟ್ ಕೇಂದ್ರದ ಕಂಪ್ಯೂಟರಿನಲ್ಲಿ ಬ್ಯಾಂಕಿನ ಪುಟವನ್ನು ತೆರೆದಿಟ್ಟು ಎದ್ದುಹೋದವನನ್ನು ಆ ಕಾಲಮಿತಿಯೇ ಕಾಯುತ್ತದೆ. ಕ್ರಿಕೆಟ್ಟಿನ ಸ್ಕೋರು, ರೈಲು ಎಲ್ಲಿದೆ ಎಂಬ ಸುದ್ದಿ ತಾವಾಗಿ ಹೊಸತಾಗದಿದ್ದರೆ ನಾವೇ ಬೈಯುತ್ತೇವೆ. ಒಪ್ಪಿದೆ. ಸ್ಕೋರಿನ ಪುಟದಲ್ಲಿ ನಿಲ್ಲಿಸುವ ಗುಂಡಿಯೊಂದನ್ನು ಇಟ್ಟರೆ ಆಟಕ್ಕೇನೂ ಕುಂದಿಲ್ಲ. ಬ್ಯಾಂಕಿನ ಪುಟ ಮುಚ್ಚಿಕೊಳ್ಳಲಿ. ಆದರೆ ಅರ್ಜಿ ಪುಟ ಮುಚ್ಚಿಕೊಳ್ಳುವ ಮುನ್ನ ತುಂಬಿದ್ದನ್ನು ಉಳಿಸಿಕೊಂಡು, ಮತ್ತೆ ಲಾಗಿನ್ ಆದವನಿಗೆ ಅದನ್ನು ಹಿಂದಿರುಗಿಸಲಿ. ಹೀಗೆ ಮಾಡಿದರೆ ಫೋನು ಪುಟವನ್ನು ಇಳಿಸಿದರೂ ನಷ್ಟವಿಲ್ಲ.

ಬ್ರೌಸರ್ ಮಾಡುವವರೂ ತಮ್ಮ ಪಾಲಿನ ಕೆಲಸ ಮಾಡಬಹುದು. 2022ರಲ್ಲಿ ನಿಂತುಹೋದ ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಈ ರಿಫ್ರೆಶ್ಶನ್ನು ತಡೆಯುವ ಆಯ್ಕೆಯಿತ್ತು. ಕಂಪ್ಯೂಟರಿನ ಫೈರ್‌ಫಾಕ್ಸ್‌ನಲ್ಲಿ ಈಗಲೂ ಇದೆ; ಆದರೆ ಸಾಮಾನ್ಯರ ಕಣ್ಣಿಗೆ ಬೀಳದ 'ಅಬೌಟ್ ಕಾನ್ಫಿಗ್' ಎಂಬ ಒಳಕೋಣೆಯಲ್ಲಿದೆ. 'ಬ್ಲಾಕ್ ಆಟೋ ರಿಫ್ರೆಶ್' ಎಂದು ಅಲ್ಲಿ ಹುಡುಕಿ ಒಪ್ಪಿಗೆ ಕೊಟ್ಟರೆ, ಪುಟ ತಾನಾಗಿ ತೆರೆದುಕೊಳ್ಳಹೊರಟಾಗ ಬ್ರೌಸರ್ ಅದನ್ನು ತಡೆದು, ಬಿಡಲೇ ಎಂದು ಮೇಲ್ಗಡೆ ಒಂದು ಪಟ್ಟಿಯಲ್ಲಿ ಕೇಳುತ್ತದೆ. ಎಲ್ಲ ಬಗೆಯ ರಿಫ್ರೆಶ್ಶಿಗೂ ಇದು ಮದ್ದಲ್ಲ. ತಲೆಸಾಲಿನ ಆಜ್ಞೆಗೆ ಮಾತ್ರ. ನಮ್ಮ ಗ್ರಂಥಾಲಯದ ಕಿಟಕಿಯ ಪಕ್ಕದ ಕಂಪ್ಯೂಟರಿನಲ್ಲಿ, ಗ್ರಂಥಪಾಲಕರ ಅಪ್ಪಣೆ ಪಡೆದು, ನಾನು ಇದನ್ನು ಮಾಡಿಟ್ಟಿದ್ದೇನೆ. ಉಳಿದವುಗಳಲ್ಲಿಯೂ ಈ ವರ್ಷದ ಅರ್ಜಿಗಳು ಆರಂಭವಾಗುವ ಮುನ್ನ ಮಾಡಿಸಬೇಕೆಂದು ಗುರುಗಳಲ್ಲಿ ಬಿನ್ನಹ.