ರಾತ್ರಿ ಪಾಳಿಯ ಮೀನುಗಳು

ಮಕ್ಕಳೇ, ಕಳೆದ ಭಾನುವಾರ ಊಟಕ್ಕೆ ಕುಳಿತಾಗ ಮೊಮ್ಮಗಳು ಒಂದು ಪ್ರಶ್ನೆ ಹಾಕಿದಳು.

"ಅಜ್ಜ, ಸಮುದ್ರದ ಆಳದಲ್ಲಿ ಬಿಸಿಲೇ ಬೀಳಲ್ಲವಂತೆ. ಬಿಸಿಲಿಲ್ಲದೆ ಏನೂ ಬೆಳೆಯಲ್ಲ. ಹಾಗಾದ್ರೆ ಅಲ್ಲಿರೋರಿಗೆ ಊಟ ಯಾರು ಕೊಡ್ತಾರೆ?"

ನಾನು ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ನಿವೃತ್ತನಾದವನು. ಜಮೆ ಇಲ್ಲದ ಖಾತೆಯಲ್ಲಿ ಖರ್ಚು ನಡೆಯುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತು. ಆಳದ ಖಾತೆಗೆ ಜಮೆ ಮಾಡುವವರು ಯಾರು? ಅದಕ್ಕೊಂದು ಕಥೆಯಿದೆ, ಕೇಳಿ.

1942ನೇ ಇಸವಿ, ಎರಡನೇ ಮಹಾಯುದ್ಧದ ಕಾಲ. ಜಲಾಂತರ್ಗಾಮಿಗಳನ್ನು ಹುಡುಕಲು ಅಮೆರಿಕದ ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ ನೀರೊಳಗೆ ಶಬ್ದ ಕಳುಹಿಸಿ ಪ್ರತಿಧ್ವನಿ ಕೇಳುತ್ತಿದ್ದರು. ನಿಜವಾದ ತಳ ಎಷ್ಟೋ ಕೆಳಗಿದ್ದರೂ ನಡುನೀರಿನಿಂದಲೇ ಪ್ರತಿಧ್ವನಿ ಬಂತು! 1945ರಲ್ಲಿ ಸ್ಕ್ರಿಪ್ಸ್ ಸಂಸ್ಥೆಯ ಮಾರ್ಟಿನ್ ಜಾನ್ಸನ್ ಗಮನವಿಟ್ಟು ನೋಡಿದರು. ಆ 'ತಳ' ಸಂಜೆ ಮೇಲೇರುತ್ತಿತ್ತು, ಬೆಳಗಾದರೆ ಕೆಳಗಿಳಿಯುತ್ತಿತ್ತು. ನೆಲ ಎಲ್ಲಾದರೂ ಏರಿಳಿಯುತ್ತದೆಯೇ? ಅದು ನೆಲವಲ್ಲ, ಜೀವಿಗಳ ದೊಡ್ಡ ಸಂತೆ!

ಆ ಸಂತೆಯ ಮುಖ್ಯ ಗಿರಾಕಿ ಲಾಟೀನು ಮೀನು. ಹೆಚ್ಚಿನವು ಬೆರಳುದ್ದ, ಮೈಮೇಲೆ ಪುಟ್ಟ ಪುಟ್ಟ ದೀಪಗಳು. ಇವುಗಳಲ್ಲಿ ಸುಮಾರು 250 ಜಾತಿಗಳಿವೆ. ಹಗಲೆಲ್ಲ ನೂರಾರು ಮೀಟರ್ ಆಳದ ಮಬ್ಬಿನಲ್ಲಿ ಶತ್ರುಗಳ ಕಣ್ಣು ತಪ್ಪಿಸಿಕೊಂಡು ಇರುತ್ತವೆ. ಕತ್ತಲಾದೊಡನೆ ಮೇಲೆ ಬಂದು ಪ್ಲಾಂಕ್ಟನ್ ಎಂಬ ಸಣ್ಣ ಜೀವಿಗಳನ್ನು ಹೊಟ್ಟೆತುಂಬ ತಿಂದು, ಬೆಳಗಾಗುವ ಮುಂಚೆ ಕೆಳಗಿಳಿಯುತ್ತವೆ.

ಮೇಲೆ ತಿಂದದ್ದು ಕೆಳಗೆ ಹೊರಬರುತ್ತದೆ. ನಗಬೇಡಿ, ವಿಷಯ ಇರುವುದೇ ಇಲ್ಲಿ! ಕಡಲಿನ ಒಂದು ಚಮಚ ನೀರಿನಲ್ಲಿ ಲಕ್ಷಗಟ್ಟಲೆ ಸೂಕ್ಷ್ಮಜೀವಿಗಳಿರುತ್ತವೆ. ಮೇಲಿಂದ ಉದುರುವ ಚೂರುಪಾರು ಆಹಾರದ ಬಹುಪಾಲು ದಾರಿಯಲ್ಲೇ ಮುಗಿದುಹೋಗುತ್ತದೆ. ಮೀನು ಮಾತ್ರ ಊಟವನ್ನು ಹೊಟ್ಟೆಯಲ್ಲಿಟ್ಟುಕೊಂಡು ನೇರವಾಗಿ ಆಳಕ್ಕೆ ತಲುಪಿಸುತ್ತದೆ. ಅದರ ಹಿಕ್ಕೆಗೆ ಅಂಟಿಕೊಂಡು ಬೆಳೆಯುವ ಬ್ಯಾಕ್ಟೀರಿಯಾಗಳೇ ಬೇರೆ, ನೀರಿನಲ್ಲಿ ಕರಗಿದ್ದನ್ನು ಹೀರುವವೇ ಬೇರೆ. ಮೀನಿನ ಕರುಳಿನಲ್ಲಿದ್ದ ಬ್ಯಾಕ್ಟೀರಿಯಾಗಳೂ ಹಿಕ್ಕೆಯೊಡನೆ ನೀರಿಗೆ ಸೇರುತ್ತವೆ. ಬಗೆಬಗೆಯ ಊಟ ಬಂದರೆ ಬಗೆಬಗೆಯ ಅತಿಥಿಗಳು.

ನಮ್ಮ ಕಾರವಾರ, ಮಲ್ಪೆಗಳ ದಡಕ್ಕೆ ಬಡಿಯುವ ಅರಬ್ಬೀ ಸಮುದ್ರವನ್ನೇ ನೋಡಿ. ಅದರ ಉತ್ತರ ಭಾಗದ ನಡುನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆಯಿರುವ ದಪ್ಪನೆಯ ಪದರವಿದೆ. ಲಾಟೀನು ಮೀನುಗಳು ಹಗಲು ಕಳೆಯುವುದು ಅಲ್ಲೇ. ಅವು ಹೊರಹಾಕುವ ಅಮೋನಿಯಾ ಒಂದು ಬಗೆಯ ಬ್ಯಾಕ್ಟೀರಿಯಾಕ್ಕೆ ಬೇಕು. ಆಮ್ಲಜನಕವಿಲ್ಲದೆಯೇ ಬದುಕುವ ಇವು, ಅಮೋನಿಯಾವನ್ನು ಸಾರಜನಕ ಅನಿಲವಾಗಿ ಬದಲಿಸುತ್ತವೆ.

ಈಗ ಕೋಳಿ, ಸೀಗಡಿಗಳ ಆಹಾರಕ್ಕಾಗಿ, ಎಣ್ಣೆಗಾಗಿ ಈ ಆಳದ ಮೀನುಗಳನ್ನೂ ದೊಡ್ಡ ಪ್ರಮಾಣದಲ್ಲಿ ಹಿಡಿಯಬಹುದೇ ಎಂಬ ಲೆಕ್ಕಾಚಾರ ನಡೆದಿದೆ. ಅದನ್ನು ಓದಿದಾಗ ನನಗೆ ನಮ್ಮ ಶಾಖೆಯ ಜವಾನರು ನೆನಪಾದರು. ದಿನಾ ಮೊದಲ ಬಸ್ಸಿಗೆ ಕಾವಲಿನವನ ಜೊತೆ ಹಣದ ಪೆಟ್ಟಿಗೆ ಹಿಡಿದು ಹಳ್ಳಿಯ ಕೌಂಟರಿಗೆ ಹೋಗುತ್ತಿದ್ದರು. ನಾವ್ಯಾರೂ ಅವರನ್ನು ಅಷ್ಟಾಗಿ ಗಮನಿಸಿದವರಲ್ಲ. ಒಂದು ದಿನ ಜ್ವರ ಬಂದು ಮಲಗಿದರು. ಅವತ್ತು ಪಿಂಚಣಿಗೆಂದು ನಡೆದು ಬಂದಿದ್ದ ಅಜ್ಜಿಯರೆಲ್ಲ ಬರಿಗೈಯಲ್ಲಿ ಮರಳಿದರು.

ಮೀನು ಸಣ್ಣದು, ಕಣ್ಣಿಗೆ ಬೀಳದು. ಆದರೆ ಹಿಡಿಯುವ ಮುಂಚೆ ಅದು ಯಾರ ಪೆಟ್ಟಿಗೆ ಹೊತ್ತಿದೆ ಎಂದು ನೋಡಬೇಕಲ್ಲವೇ?

ಈ ವಾರದ ಕೆಲಸ: ನೀವು ಮಲಗಿದಾಗ ನಿಮಗಾಗಿ ಎದ್ದಿರುವವರು ಯಾರು ಯಾರು? ಅಜ್ಜ-ಅಜ್ಜಿಯ ಜೊತೆ ಕುಳಿತು ಪಟ್ಟಿ ಮಾಡಿ. ನನ್ನ ಮೊಮ್ಮಗಳ ಪಟ್ಟಿಯಲ್ಲಿ ಹಾಲಿನವರ ಕೆಳಗೇ ಲಾಟೀನು ಮೀನು ಇದೆ.